ಕಥೆಯ ವಿಮಾನ, ಪ್ರಯೋಗದ ವಿಮಾನ

ಪುಷ್ಪಕ ವಿಮಾನದ ಕಥೆಯನ್ನು ಕೇಳದ ಮಕ್ಕಳು ನಮ್ಮ ಒಡೆಯರಪಾಳ್ಯದ ಸೀಮೆಯಲ್ಲಿ ಇರಲಾರರು. ಹಾರುವ ಹಂಬಲವನ್ನು ಹುಟ್ಟಿಸುವ ಆ ಕಥೆ ಉಳಿಯತಕ್ಕದ್ದೇ. ಆದರೆ ಕಾವ್ಯದ ಕಲ್ಪನೆಯನ್ನು ವಿಜ್ಞಾನವೆಂದು ಬೋಧಿಸುವುದು ಉಚಿತವಲ್ಲ.

ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಭರದ್ವಾಜ ಮಹರ್ಷಿಗಳ ಕೃತಿಯೆಂದು ನಂಬುವವರು ಇಂದಿಗೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಅದರ ಭಾಷೆಯನ್ನೂ ಚಿತ್ರಗಳನ್ನೂ ಪರಿಶೀಲಿಸಿ, ಗ್ರಂಥವು 1904ಕ್ಕಿಂತ ಹಳೆಯದಲ್ಲವೆಂದೂ ಅಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು.

ಇದರಿಂದ ಪೂರ್ವಿಕರಿಗೆ ಅಗೌರವವಾಯಿತೆಂದು ಕೆಲವರು ನೊಂದುಕೊಳ್ಳಬಹುದು. ವಾಲ್ಮೀಕಿಯ ಹಿರಿಮೆ ಯಂತ್ರವಿದ್ಯೆಯನ್ನು ಅವಲಂಬಿಸಿಲ್ಲ.

ಹಾರಾಟ ಸಿದ್ಧಿಸಿದ್ದು ಪರೀಕ್ಷೆಯಿಂದ. ಅಮೆರಿಕದ ರೈಟ್ ಸಹೋದರರು 1901ರಲ್ಲಿ ಪೆಟ್ಟಿಗೆಯೊಂದರಲ್ಲಿ ಗಾಳಿ ಹಾಯಿಸಿ ಸುಮಾರು 200 ಬಗೆಯ ರೆಕ್ಕೆಯ ಮಾದರಿಗಳನ್ನು ಪರೀಕ್ಷಿಸಿದರು. 1903ರ ಡಿಸೆಂಬರ್ 17ರಂದು ಅವರ ಮೊದಲ ಹಾರಾಟ 12 ಸೆಕೆಂಡು, 120 ಅಡಿ ಮಾತ್ರ.

ನಮ್ಮ ನಾಡಿಗೂ ಹೆಮ್ಮೆಪಡಲು ಕಾರಣವುಂಟು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಬಾನಿಗೇರಿತು.

ಆದುದರಿಂದ ಶಿಕ್ಷಕ ಬಂಧುಗಳು ಪುಷ್ಪಕದ ಕಥೆಯನ್ನು ಕನ್ನಡ ಪಾಠದಲ್ಲಿ ರಸವತ್ತಾಗಿ ಹೇಳಲಿ. ವಿಜ್ಞಾನದ ಪಾಠದಲ್ಲಿ ಕಾಗದದ ವಿಮಾನಗಳನ್ನು ಮಾಡಿಸಿ ಹಾರಿಸಲಿ. ಒಂದು ದೂರ ಹೋಯಿತು, ಇನ್ನೊಂದು ಕಾಲ ಬಳಿಯೇ ಬಿದ್ದಿತು, ಏಕೆ ಎಂದು ಮಗು ಕೇಳಲಿ. ಘಾಟಗೆಯವರಂತಹವರು ಹುಟ್ಟುವುದು ಅಂತಹ ಪ್ರಶ್ನೆಗಳಿಂದಲೇ.