ಪಂಕ್ತಿಭೇದ ಅಳಿಯಿತು, ಎಲೆ ಎಲ್ಲಿ?



ಶ್ರೀರಂಗಪಟ್ಟಣ, ಪಾಂಡವಪುರದ ರೈತರಿಗೆ ನಾಲೆಯ ಮರ್ಮ ಹೇಳಿಕೊಡಬೇಕಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿದ್ದರೂ ಹೊಲಗಾಲುವೆಯಲ್ಲಿ ಹೂಳಿದ್ದರೆ ಕೊನೆಯ ಗದ್ದೆ ಒಣಗುತ್ತದೆ. ನಮ್ಮ ಹಳ್ಳಿಗಳ ಇಂಟರ್ನೆಟ್ಟಿನ ಪಾಡೂ ಇದೇ.

ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಇಂದಿನ ಭಾರತ್‌ನೆಟ್ ಅದೇ. ಇದರ ಹಣ ಬರುವುದು ದೂರಸಂಪರ್ಕ ಕಂಪನಿಗಳ ಆದಾಯದಿಂದ ಶೇ. 5ರಷ್ಟು ವಂತಿಗೆ ಪಡೆಯುವ ನಿಧಿಯಿಂದ. ಕೊನೆಗೆ ಆ ವಂತಿಗೆ ತೆರುವವರು ರೀಚಾರ್ಜ್ ಮಾಡಿಸುವ ನಾವೇ.

ಇನ್ನು ನಿಯಮದ ಮಾತು. ಆರಿಸಿದ ಕೆಲವೇ ಜಾಲತಾಣಗಳನ್ನು ಬಡವರಿಗೆ ಬಿಟ್ಟಿಯಾಗಿ ಕೊಡುತ್ತೇವೆಂದು ಫೇಸ್‌ಬುಕ್ ‘ಫ್ರೀ ಬೇಸಿಕ್ಸ್’ ತಂದಿತ್ತು. 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಇಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಅದು ಸರಿಯಾದ ತೀರ್ಮಾನ. ಉಳ್ಳವರಿಗೆ ಪೂರ್ತಿ ಊಟ, ಇಲ್ಲದವರಿಗೆ ಬಡಿಸುವವನು ಆರಿಸಿದ್ದಷ್ಟೇ ಎಂದರೆ ಅದು ದಾಸೋಹವಲ್ಲ, ಪಂಕ್ತಿಭೇದ. ಆದರೆ ಪಂಕ್ತಿಭೇದ ಅಳಿಸಿದರೆ ಸಾಲದು, ಎಲೆಯನ್ನೂ ಹಾಕಬೇಕು. ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿಯ ಅಜ್ಜಿ ಪಡಿತರಕ್ಕೆ ಹೆಬ್ಬೆಟ್ಟು ಒತ್ತಿ, ‘ಸರ್ವರ್ ಇಲ್ಲ, ನಾಳೆ ಬಾ’ ಎನ್ನಿಸಿಕೊಂಡು ಹಿಂದಿರುಗಿದರೆ ಅವರ ಒಂದು ದಿನದ ಕಾಯಕವೇ ಹೋಯಿತು.

ಎಳೆದ ಫೈಬರ್ ಉಳಿಯುವುದೂ ಕಷ್ಟ. ಚರಂಡಿಗೆ, ನೀರಿನ ಪೈಪಿಗೆ ಜೆಸಿಬಿ ಇಳಿದರೆ ಕೇಬಲ್ ತುಂಡು. ಸರ್ಕಾರಿ ಇಂಜಿನಿಯರಾಗಿದ್ದಾಗ ನಾನೂ ನೆಲ ಅಗೆಸಿದವನೇ. ಕೆಳಗೆ ಯಾರ ಕೇಬಲ್ ಇದೆ ಎಂದು ಕೇಳಿದ್ದು ಅಪರೂಪ. ಆ ತಪ್ಪು ನನ್ನದೂ ಹೌದು. ಈಗ ಅಗೆಯುವವರು ಮುಂಚಿತವಾಗಿ ತಿಳಿಸಬೇಕು, ಹಾನಿಯಾದರೆ ಭರಿಸಬೇಕು ಎಂಬ ನಿಯಮವಿದೆ. ಅದಕ್ಕೆಂದೇ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂದಿದೆ. ಗುತ್ತಿಗೆದಾರರು ಅದನ್ನು ಬಳಸುವಂತೆ ಮಾಡುವುದು ಊರಿನವರ ಕೈಯಲ್ಲಿದೆ.

ಶರಣ ಬಂಧುಗಳು ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಲಿ: ನಮ್ಮ ಪಂಚಾಯಿತಿಯ ಫೈಬರ್ ಚಾಲೂ ಇದೆಯೇ? ಶಾಲೆಗೆ, ಆಸ್ಪತ್ರೆಗೆ, ಪಡಿತರ ಅಂಗಡಿಗೆ ಅದು ತಲುಪಿದೆಯೇ? ತುಂಡಾದರೆ ಎಷ್ಟು ದಿನದಲ್ಲಿ ಸರಿಪಡಿಸುತ್ತೀರಿ? ಉತ್ತರವನ್ನು ನಡಾವಳಿಯಲ್ಲಿ ಬರೆಸಲಿ. ಮಠಗಳು ತಮ್ಮ ಶಾಲೆಗಳ ಕಂಪ್ಯೂಟರ್ ಕೋಣೆಯನ್ನು ಸಂಜೆ ಎರಡು ಗಂಟೆ ಊರ ಮಕ್ಕಳೆಲ್ಲರಿಗೂ, ಜಾತಿ ಕೇಳದೆ, ತೆರೆದಿಡಲಿ.

ಅನ್ನ, ಅಕ್ಷರದ ದಾಸೋಹ ನಡೆಸಿದ ಮಠಗಳಿಗೆ ಇದು ಹೊರೆಯಾಗದು. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರಿಗೂ ಮಾತಿನ ಹಕ್ಕಿತ್ತು. ಇಂದು ಆ ಹಕ್ಕು ಕೇಬಲ್ಲಿನ ಕೊನೆಯ ಮನೆಗೂ ಮುಟ್ಟಬೇಕು.