ಬಾಲಮಂದಿರದ ಬಾಗಿಲಾಚೆ
ಭದ್ರಾವತಿಯ ರೈಲು ನಿಲ್ದಾಣದಲ್ಲಿ ದಿಕ್ಕಿಲ್ಲದೆ ಕೂತ ಮಗುವನ್ನು ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಸಾಕು. 24 ಗಂಟೆಯೊಳಗೆ (ಪ್ರಯಾಣದ ಹೊತ್ತು ಬಿಟ್ಟು) ಆ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 2015ರ ಬಾಲನ್ಯಾಯ ಕಾಯ್ದೆ ಹೇಳುವುದು ಇದನ್ನೇ. ಹೊಡೆತ ತಿಂದ, ಹಸಿದ, ಮನೆಯವರು ಬಿಟ್ಟುಹೋದ ಮಕ್ಕಳಿಗೆ ಶಿವಮೊಗ್ಗದ ಬಾಲಮಂದಿರದಲ್ಲಿ ಊಟ, ಹಾಸಿಗೆ, ಶಾಲೆ ಸಿಗುತ್ತವೆ. ಅದು ಸಣ್ಣ ಮಾತಲ್ಲ. ಆದರೆ ಅದೇ ಕಾಯ್ದೆ ಸಂಸ್ಥೆಯನ್ನು ಕೊನೆಯ ಆಸರೆ ಎನ್ನುತ್ತದೆ. ಮೊದಲು ಮನೆ, ಬಂಧುಗಳು, ಇಲ್ಲವಾದರೆ ದತ್ತು ಅಥವಾ ಪೋಷಕತ್ವ. ಕಾಗದ ಕಾರ್ಖಾನೆ ಬಾಗಿಲು ಮುಚ್ಚಿ, ಉಕ್ಕಿನ ಕಾರ್ಖಾನೆ ಸೊರಗಿದ ಭದ್ರಾವತಿಯಂಥ ಊರಿನಲ್ಲಿ ಈ ಕ್ರಮಕ್ಕೆ ವಿಶೇಷ ಅರ್ಥವಿದೆ ಎಂದು ನಾನು ನಂಬಿದ್ದೇನೆ. ಬಡತನವೊಂದೇ ಕಾರಣಕ್ಕೆ ತಾಯಿಯಿಂದ ಮಗುವನ್ನು ದೂರ ಮಾಡಬಾರದು. ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಕುಟುಂಬಕ್ಕೆ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ವಿಧವೆ ತಾಯಿ, ಮೊಮ್ಮಕ್ಕಳನ್ನು ಸಾಕುವ ಅಜ್ಜಿ, ಇಂಥವರಿಗೆ ಅದು ತಲುಪಿದರೆ ಎಷ್ಟೋ ಮಕ್ಕಳು ಸ್ವಂತ ಮನೆಯಲ್ಲೇ ಮಲಗುತ್ತಾರೆ. ಮನೆಯೇ ಹಿಂಸೆಯ ಜಾಗವಾದ ಮಗುವಿನ ಮಾತು ಬೇರೆ. ಅಂಥ ಮಗುವಿಗೆ ಬಾಲಮಂದಿರವೇ ಬೇಕು, ಜೊತೆಗೆ ಅದರ ಮಾತನ್ನು ನಂಬುವ ಆಪ್ತಸಮಾಲೋಚಕಿಯೂ ಬೇಕು. ನನ್ನನ್ನು ಹೆಚ್ಚು ಕಾಡುವುದು ಬಾಲಮಂದಿರದ ಮಕ್ಕಳಿಗೆ ಹದಿನೆಂಟು ತುಂಬುವ ದಿನ. ಕಾಯ್ದೆಯಲ್ಲಿ 21ರವರೆಗೆ ಅನುಪಾಲನೆಗೆ, ಅಂದರೆ ಸಂಸ್ಥೆ ಬಿಟ್ಟ ನಂತರದ ಆಸರೆಗೆ, ಅವಕಾಶವಿದೆ. ಆ ಮೂರು ವರ್ಷಕ್ಕೆ ಬಾಡಿಗೆ ಕೋಣೆ ಕೊಡುವ ಮಾಲೀಕ, ಕೆಲಸ ಕಲಿಸುವ ಗ್ಯಾರೇಜು, ಹಬ್ಬಕ್ಕೆ ಊಟಕ್ಕೆ ಕರೆಯುವ ಮನೆ ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ಮುಂದೆ ಬರಬೇಕು.