ಎರಡು ಸೊನ್ನೆಗಳ ಕಥೆ

ಮಕ್ಕಳೇ, ಈ ವಾರ ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಅಜ್ಜ-ಅಜ್ಜಿಯರು ಬಾಯಿಲೆಕ್ಕದಲ್ಲೇ ಮಾಡಲಿ.

1916ರ ಅಕ್ಟೋಬರ್ 7. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಜಾರ್ಜಿಯಾ ಟೆಕ್ ಮತ್ತು ಕಂಬರ್‌ಲ್ಯಾಂಡ್ ಕಾಲೇಜುಗಳ ನಡುವೆ ಫುಟ್‌ಬಾಲ್ ಪಂದ್ಯ. ಇದು ನಾವು ಆಡುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳಿಂದ ತಪ್ಪಿಸಿಕೊಂಡು ಓಡುವ ಆಟ. ಕೊನೆಯ ಗೆರೆ ದಾಟಿದರೆ 6 ಅಂಕ. ಆಮೇಲೆ ಒದ್ದ ಚೆಂಡು ಎರಡು ಕಂಬಗಳ ನಡುವೆ ಹೋದರೆ ಇನ್ನೊಂದು.

ಆಟದ ನಾಲ್ಕು ಭಾಗಗಳಲ್ಲಿ ಜಾರ್ಜಿಯಾ ಟೆಕ್ ಗಳಿಸಿದ್ದು 63, 63, 54, 42. ಕೂಡಿ ನೋಡಿ: 222! ಕಂಬರ್‌ಲ್ಯಾಂಡ್ ಗಳಿಸಿದ್ದು ಸೊನ್ನೆ. ಬ್ಯಾಂಕಿನಲ್ಲಿ ನಾವು ಯಾವ ಮೊತ್ತವನ್ನೂ ಇನ್ನೊಂದು ದಾರಿಯಿಂದ ತಾಳೆ ನೋಡದೆ ಬಿಡುತ್ತಿರಲಿಲ್ಲ. ಇಲ್ಲೂ ನೋಡೋಣ. ಗೆರೆ ದಾಟಿದ್ದು 32 ಸಲ, ಅಂದರೆ 192. ಒದ್ದು ಗಳಿಸಿದ್ದು 30. ತಾಳೆಯಾಯಿತು! ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಇಷ್ಟು ದೊಡ್ಡ ಗೆಲುವನ್ನು ಇಂದಿಗೂ ಯಾರೂ ಮುರಿದಿಲ್ಲ.

ಈಗ ಒಂದು ಒಗಟು. ನಾಲ್ಕು ಪ್ರಯತ್ನಗಳೊಳಗೆ ಚೆಂಡನ್ನು 10 ಗಜ ಮುಂದೆ ಒಯ್ದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಅದಕ್ಕೆ 'ಫಸ್ಟ್ ಡೌನ್' ಎನ್ನುತ್ತಾರೆ. ಆ ದಿನ ಕಂಬರ್‌ಲ್ಯಾಂಡ್ ಪಡೆದ ಫಸ್ಟ್ ಡೌನ್ ಸೊನ್ನೆ. ಜಾರ್ಜಿಯಾ ಟೆಕ್ ಪಡೆದದ್ದು? ಅದೂ ಸೊನ್ನೆ! ಒಬ್ಬರಿಗೆ 10 ಗಜ ದಾಟಲಾಗಲಿಲ್ಲ. ಇನ್ನೊಬ್ಬರು ಮೊದಲ ನಾಲ್ಕು ಪ್ರಯತ್ನಗಳಲ್ಲೇ ಕೊನೆಯ ಗೆರೆ ಮುಟ್ಟಿಬಿಡುತ್ತಿದ್ದರು. ಮತ್ತೆ ನಾಲ್ಕು ಕೇಳುವ ಅಗತ್ಯವೇ ಬರಲಿಲ್ಲ. ಬರೆದ ಅಂಕಿ ಒಂದೇ, ಅರ್ಥ ತದ್ವಿರುದ್ಧ.

ಇನ್ನೊಂದು ಸಂಗತಿ. ಕಂಬರ್‌ಲ್ಯಾಂಡ್ ಕಾಲೇಜು ಆ ವರ್ಷ ತನ್ನ ಫುಟ್‌ಬಾಲ್ ತಂಡವನ್ನೇ ನಿಲ್ಲಿಸಿತ್ತು. ಆದರೆ ಪಂದ್ಯದ ಕರಾರು ಮೊದಲೇ ಆಗಿತ್ತು. ಆಡಲು ಬಾರದಿದ್ದರೆ 3,000 ಡಾಲರ್ ದಂಡ. ಆ ಕಾಲಕ್ಕೆ ಅದು ದೊಡ್ಡ ಹಣ. ವಿದ್ಯಾರ್ಥಿಗಳೇ ಸಿಕ್ಕ ಹುಡುಗರನ್ನು ಕಲೆಹಾಕಿಕೊಂಡು ರೈಲು ಹತ್ತಿದರು, ಪೆಟ್ಟು ತಿಂದರು, ಕೊನೆಯವರೆಗೂ ಮೈದಾನದಲ್ಲಿ ನಿಂತರು. ದಂಡ ಉಳಿಯಿತು. ಅಂಕಪಟ್ಟಿಯಲ್ಲಿ ಈ 3,000 ಎಲ್ಲೂ ಕಾಣುವುದಿಲ್ಲ.

ನಿಮ್ಮ ಅಜ್ಜಿಯ ಪಾಸ್‌ಬುಕ್ ತೆರೆದು ನೋಡಿ. ಮೊತ್ತದ ಜೊತೆಗೆ 'ವಿವರ' ಎಂಬ ಕಾಲಂ ಇರುತ್ತದೆ. ಶಾಲೆಯ ಅಂಕಪಟ್ಟಿಯಲ್ಲಿ ಅದಿಲ್ಲ. ಹಾಗಾಗಿ ಹಿರಿಯರೇ, ಮೊಮ್ಮಗು ಕಡಿಮೆ ಅಂಕ ತಂದ ದಿನ ಆ ಕಾಲಂ ಅನ್ನು ನೀವೇ ತುಂಬಿಸಿ. ಪಕ್ಕದಲ್ಲಿ ಕೂರಿಸಿಕೊಂಡು, 'ಏನಾಯ್ತು ಪುಟ್ಟಾ?' ಎಂದು ಕೇಳಿದರೆ ಸಾಕು.